ಮದುವೆಯಾಗದೆ ತೀರಿಕೊಂಡವರಿಗೆ ಮದುವೆ ಬಟ್ಟೆ ಯಾಕೆ?

ರೊಮೇನಿಯಾದ ಹಳ್ಳಿಗಳಲ್ಲಿ ಮದುವೆಯಾಗದೆ ತೀರಿಕೊಂಡವರನ್ನು ಮದುವೆ ಬಟ್ಟೆಯಲ್ಲಿ ಹೂಳುವುದು ಯಾಕೆ ಅಂತ ಕೇಳಿದ್ದೀರಿ. ಮದುವೆಯಾಗದ ಬದುಕು ಅರ್ಧಕ್ಕೇ ನಿಂತಂತೆ, ಸತ್ತವರು ನೆಮ್ಮದಿಯಿಲ್ಲದೆ ಮರಳಿ ಬಂದಾರು ಅನ್ನುವ ನಂಬಿಕೆ. ಅದಕ್ಕೇ ಸಾವಿನಲ್ಲೇ ಮದುವೆ ಮುಗಿಸುತ್ತಾರೆ. ದೇಶದ ನೈಋತ್ಯದ ಒಲ್ಟೇನಿಯಾ ಕಡೆ ಕಾಡಿನಿಂದ ಫರ್ (ಸೂಜಿಯಂಥ ಎಲೆಯ, ಸದಾ ಹಸಿರಾಗಿರುವ) ಮರ ತಂದು, ಸಿಂಗರಿಸಿ, ಗೋರಿಯ ಬಳಿ ನೆಡುತ್ತಾರೆ. ಹೆಂಗಸರು ಆ ಮರಕ್ಕೇ ಹಾಡು ಹೇಳುತ್ತಾರೆ.

1850ರಲ್ಲಿ ಅಚ್ಚಾದ ರೊಮೇನಿಯಾದ ಜನಪದ ಲಾವಣಿ ‘ಮಿಯೊರಿತ್ಸಾ’ವನ್ನೂ ಓದಿ. ಕೊಲೆಯಾಗಲಿರುವ ಕುರಿಗಾಹಿ ತನ್ನ ಕುರಿಗೆ ಹೇಳುತ್ತಾನೆ: ಉಳಿದ ಕುರಿಗಳಿಗೆ ನಾನು ಸತ್ತೆ ಅನ್ನಬೇಡ, ಮದುವೆಯಾದೆ ಅನ್ನು. ಸೂರ್ಯ ಚಂದ್ರರು ಮದುವೆಯ ಕಿರೀಟ ಹಿಡಿದರು, ಬೆಟ್ಟಗಳೇ ಪುರೋಹಿತರು, ಹಕ್ಕಿಗಳು ವಾದ್ಯದವರು. ಅಮ್ಮ ಹುಡುಕಿಕೊಂಡು ಬಂದರೆ ಮಾತ್ರ ರಾಜಕುಮಾರಿಯ ಕೈ ಹಿಡಿದೆ ಅಂತಷ್ಟೇ ಹೇಳು, ಬೆಟ್ಟ, ಹಕ್ಕಿಗಳ ಮಾತು ಎತ್ತಬೇಡ. ಎತ್ತಿದರೆ ಅವಳಿಗೆ ನಿಜ ಗೊತ್ತಾಗಿಬಿಡುತ್ತದೆ ಅಲ್ವಾ! ಈ ಲಾವಣಿಯನ್ನು ಸುಮ್ನೆ ಸಾವಿಗೆ ಶರಣಾಗುವುದು ಅನ್ನುವವರ ಮಾತು ನಾನು ಒಪ್ಪುವುದಿಲ್ಲ.