ಸೆಲೋಟೇಪಿಗೆ ಅಂಟಿ ಬಂದ ಹೆಬ್ಬೆಟ್ಟು

ಓದುಗರ ಪತ್ರ: ಮಗಳನ್ನು ನೋಡಲೆಂದು ನಾನು, ಮನೆಯವಳು ಟೋಕಿಯೋಗೆ ಹೋಗಿದ್ದೆವು. ಅವಳ ಮನೆ ಚಿಕ್ಕದು, ಹಾಗಾಗಿ ಹತ್ತಿರದ ಲಾಡ್ಜಿನಲ್ಲಿ ಉಳಿದೆವು. ಚಕ್ಕುಲಿ ಡಬ್ಬಿಯ ತಳದಲ್ಲಿಟ್ಟ ಯೆನ್ ನೋಟುಗಳು ಮೂರನೇ ದಿನ ಮಾಯ! ಮನೆಯವಳ ಪೌಡರ್ ಉದುರಿಸಿ, ಸ್ಟೀಲ್ ಮುಚ್ಚಳದ ಮೇಲಿದ್ದ ಬೆರಳಚ್ಚನ್ನು ಸೆಲೋಟೇಪಿನಲ್ಲಿ ಎತ್ತಿದೆ. ರೂಮು ಗುಡಿಸುವ ಹುಡುಗನದ್ದೇ, ಸಂಶಯವಿಲ್ಲ. ಪೊಲೀಸರು ಫಾರಂ ತುಂಬಿಸಿಕೊಂಡರು, ಟೇಪನ್ನು ಮುಟ್ಟಲಿಲ್ಲ. ವಿಜ್ಞಾನಕ್ಕೆ ಬೆಲೆಯೇ ಇಲ್ಲವೇ? ಟೇಪನ್ನು ಇದರೊಂದಿಗೆ ಇಟ್ಟಿದ್ದೇನೆ.
– ಕುಂಬಳೆ ಕಡೆಯ ನಿವೃತ್ತ ಅಧ್ಯಾಪಕರು

ಸಂಪಾದಕರ ಉತ್ತರ: ಮಾಷ್ಟ್ರೇ, ದುಡ್ಡು ಹೋದದ್ದಕ್ಕೆ ಬೇಜಾರಾಯಿತು. ಪರವೂರಿನಲ್ಲಿ, ಭಾಷೆ ಬಾರದ ಕಡೆ ಹೋದರೆ ಇನ್ನೂ ಬೇಜಾರು. ಆದರೂ ಎಪ್ಪತ್ತು ದಾಟಿದ ಮೇಲೆ ಪೌಡರ್ ಡಬ್ಬಿ ಹಿಡಿದು ಪತ್ತೇದಾರಿಕೆಗೆ ಇಳಿದಿರಲ್ಲ, ಆ ಹುರುಪಿಗೆ ನಮಸ್ಕಾರ.

ನಿಮ್ಮ ವಿಧಾನವೂ ತಪ್ಪಲ್ಲ. ಬೆರಳಿನ ಬೆವರು, ಜಿಡ್ಡು ನುಣುಪಾದ ಸ್ಟೀಲಿನ ಮೇಲೆ ಗೆರೆಗೆರೆಯಾಗಿ ಉಳಿಯುತ್ತದೆ, ಪುಡಿ ಅಲ್ಲಿಗೇ ಕಚ್ಚುತ್ತದೆ. ಲಂಡನ್ನಿನಲ್ಲಿ 1902ರಲ್ಲಿ ಬಿಲಿಯರ್ಡ್ಸ್ ಚೆಂಡು ಕದ್ದ ಹ್ಯಾರಿ ಜಾಕ್ಸನ್ ಸಿಕ್ಕಿಬಿದ್ದದ್ದು ಹೊಸ ಪೇಂಟ್ ಬಳಿದ ಕಿಟಕಿಯಲ್ಲಿ ಒತ್ತಿಹೋದ ಹೆಬ್ಬೆಟ್ಟಿನಿಂದ. ನಿಮ್ಮ ಪಕ್ಷಕ್ಕೆ ಇಷ್ಟು ಕೊಟ್ಟೆ, ಸಾಕು.

ನೀವು ಹೋದ ಊರು ಎಂಥದ್ದು ಗೊತ್ತಾ? ಅದೇ ಟೋಕಿಯೋದ ತ್ಸುಕಿಜಿಯಲ್ಲಿ ಹೆನ್ರಿ ಫೋಲ್ಡ್ಸ್ ಎಂಬ ಸ್ಕಾಟ್ಲೆಂಡಿನ ಮಿಷನರಿ ಡಾಕ್ಟರ್ ಇದ್ದರು. ಹಳೆಯ ಮಣ್ಣಿನ ಪಾತ್ರೆಗಳ ಮೇಲೆ ಕುಂಬಾರರ ಬೆರಳ ಗುರುತು ಕಂಡು ಅವರಿಗೆ ಇದರ ಹುಚ್ಚು ಹಿಡಿಯಿತು. ಒಮ್ಮೆ ಯಾರೋ ಬಿಳಿ ಗೋಡೆ ಹತ್ತಿ ಮಸಿ ಬೆರಳಿನ ಗುರುತು ಬಿಟ್ಟುಹೋದರು. ಪೊಲೀಸರು ಒಬ್ಬನನ್ನು ಹಿಡಿದು ತಂದರು. ಫೋಲ್ಡ್ಸ್ ಹೋಲಿಸಿ ನೋಡಿ, ಇದು ಇವನದ್ದಲ್ಲ ಅಂದರು. 1880ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಕಾಗದದಲ್ಲಿ ಆ ಮಸಿ ಗುರುತಿನ ಮಾತು ಇದೆ. ನಿರಪರಾಧಿಯನ್ನು ಬಿಡಿಸಲು ಬಂದ ಸಾಕ್ಷ್ಯ ಅಂತಲೇ ಇದೆ. ಅದೇ ಊರಿನಲ್ಲಿ ನೀವು ಗುಡಿಸುವ ಹುಡುಗನನ್ನು ಸಿಕ್ಕಿಸಲು ಹೊರಟಿರಿ!

ನಮ್ಮ ದೇಶದ ಕತೆ ಇನ್ನೂ ರುಚಿ. ಬಂಗಾಳದ ಜಲ್ಪಾಯ್‌ಗುರಿಯಲ್ಲಿ ಚಹಾ ತೋಟದ ಮ್ಯಾನೇಜರನ ಕೊಲೆಯಾಯಿತು, ಹಣವೂ ಹೋಯಿತು. ಅವನ ಸಾಮಾನುಗಳಲ್ಲಿ ಒಂದು ಬಂಗಾಳಿ ಪಂಚಾಂಗ ಸಿಕ್ಕಿತು. ಅದರ ಮೇಲೆ ಮಾಸಿದ ಕಂದು ಬಣ್ಣದ ಹೆಬ್ಬೆಟ್ಟು. ಕಲ್ಕತ್ತಾದಲ್ಲಿ 1897ರಲ್ಲಿ ಶುರುವಾದ ಬೆರಳಚ್ಚು ಕಚೇರಿ, ಪ್ರಪಂಚದ ಮೊದಮೊದಲಿನವುಗಳಲ್ಲಿ ಒಂದು, ಅದನ್ನು ಹಳೆಯ ಆಳು ಕಂಗಾಲಿ ಚರಣನ ಗುರುತಿಗೆ ಹೊಂದಿಸಿತು. 1898ರಲ್ಲಿ ಕೋರ್ಟು ಏನು ಮಾಡಿತು? ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಬೆರಳು ಪಂಚಾಂಗವನ್ನು ಮುಟ್ಟಿದೆ, ಸರಿ. ಕತ್ತಿ ಹಿಡಿದದ್ದನ್ನು ಅದು ಹೇಳುವುದಿಲ್ಲವಲ್ಲ! ನಿಮ್ಮ ಹುಡುಗ ದಿನಾ ಮೇಜು ಒರೆಸುವವನು. ಡಬ್ಬಿ ಎತ್ತಿಡದೆ ಒರೆಸುವುದು ಹೇಗೆ?

(ಆ ಕಚೇರಿಯಲ್ಲಿ ಲೆಕ್ಕ ಹಾಕಿ ಬೆರಳಚ್ಚುಗಳನ್ನು ಬಗೆಬಗೆಯಾಗಿ ವಿಂಗಡಿಸುವ ಕ್ರಮ ಕೂಡಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಬಂದದ್ದು ಅವರ ಮೇಲಿದ್ದ ಪೊಲೀಸ್ ಸಾಹೇಬ ಎಡ್ವರ್ಡ್ ಹೆನ್ರಿಗೆ. ಈ ಹೊಟ್ಟೆಯುರಿ ನನಗೆ ಆಗಾಗ ಬರುತ್ತದೆ, ಕ್ಷಮಿಸಿ.)

ಪರಿಣತರೇ ಮುಗ್ಗರಿಸುತ್ತಾರೆ ಮಾಷ್ಟ್ರೇ. 2004ರಲ್ಲಿ ಮ್ಯಾಡ್ರಿಡ್ ರೈಲು ಸ್ಫೋಟವಾದಾಗ ಒಂದು ಪ್ಲಾಸ್ಟಿಕ್ ಚೀಲದ ಮೇಲಿನ ಗುರುತನ್ನು ಅಮೆರಿಕದ ಎಫ್‌ಬಿಐ ಒರೆಗಾನ್‌ನ ಒಬ್ಬ ವಕೀಲರದ್ದು ಎಂದಿತು. ಸುಮಾರು ಎರಡು ವಾರ ಅವರನ್ನು ಒಳಗಿಟ್ಟರು. ಅದು ಬೇರೆಯವನದ್ದು ಎಂದು ಸ್ಪೇನಿನ ಪೊಲೀಸರು ಹೇಳಿದ ಮೇಲೆ ಕ್ಷಮೆ ಕೇಳಿದರು. ಅಷ್ಟು ದೊಡ್ಡ ಕಂಪ್ಯೂಟರ್ ಇಟ್ಟುಕೊಂಡವರ ಪಾಡು ಇದು. ನಮ್ಮದು ಮುಖಕ್ಕೆ ಹಚ್ಚುವ ಪೌಡರ್.

ನಿಜ ಹೇಳಬೇಕೆಂದರೆ ಹೆಬ್ಬೆಟ್ಟಿನ ಮೇಲೆ ನನಗೆ ಸಿಟ್ಟು ಬಂದದ್ದು ನಮ್ಮೂರಿನ ರೇಶನ್ ಅಂಗಡಿಯಲ್ಲಿ. ಮೊನ್ನೆ ನನ್ನ ಮುಂದೆ ಒಬ್ಬರು ಅಕ್ಕ ನಿಂತಿದ್ದರು. ನಲವತ್ತು ವರ್ಷ ಅಡಕೆ ಸುಲಿದ ಕೈ. ಹೆಬ್ಬೆರಳಿನ ತುದಿ ಹೊಳೆಕಲ್ಲಿನ ಹಾಗೆ ನುಣ್ಣಗಾಗಿದೆ, ಉಗುರಿನ ಸುತ್ತ ಅಡಕೆಯ ಕರೆ. ಮಿಷನ್ನಿಗೆ ಒತ್ತಿದರು, ಆಗಲಿಲ್ಲ. ಸೆರಗಿನಲ್ಲಿ ಒರೆಸಿ ಒತ್ತಿದರು, ಆಗಲಿಲ್ಲ. ಬೇರೆ ಬೆರಳು, ಅದೂ ಇಲ್ಲ. ಒಟಿಪಿ ಬರುವ ಫೋನು ಮಗನ ಹತ್ತಿರ, ಮಗ ದುಬಾಯಿಯಲ್ಲಿ. ಅಂಗಡಿಯವನಿಗೆ ತಾನು ಹುಟ್ಟಿದಂದಿನಿಂದ ಅವರು ಗೊತ್ತು. ‘ನನಗೆ ಗೊತ್ತು ಅಕ್ಕ, ಇದಕ್ಕೆ ಗೊತ್ತಾಗಬೇಕಲ್ಲ’ ಅಂದ. ಅಕ್ಕಿ ಸಿಗಲಿಲ್ಲ. ದುಡಿದು ಗೆರೆ ಸವೆಸಿಕೊಂಡವರಿಗೆ ಗುರುತೇ ಇಲ್ಲ! ಅವರ ಕೈಗಿತ್ತ ಚೀಟಿಯಾದರೂ ಕನ್ನಡದಲ್ಲಿತ್ತೇ? ಅದೂ ಮಲಯಾಳದಲ್ಲಿ. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕೇಳುತ್ತಲೇ ಇದ್ದೇವೆ, ಬಿಡಿ. ಅದನ್ನು ಎತ್ತಿದರೆ ಈ ಸಂಚಿಕೆ ಸಾಲದು.

ನಮ್ಮ ಕಡೆ ಏನಾದರೂ ಕಳವಾದರೆ ಹಿರಿಯರು ಕಾನತ್ತೂರಿನ ದೈವಗಳಿಗೆ ಹೇಳಿಕೊಳ್ಳುತ್ತಾರೆ. ನೀವು ನಂಬದಿರಬಹುದು. ಆದರೆ ಅಲ್ಲಿಗೆ ಹೋಗುತ್ತೇನೆ ಎನ್ನುವ ಮೊದಲು ನನ್ನ ಅಜ್ಜಿ ಮನೆಯ ಕಪಾಟು, ಅಕ್ಕಿ ಡಬ್ಬ, ತನ್ನ ಸೆರಗಿನ ಗಂಟು ಎಲ್ಲ ಇನ್ನೊಮ್ಮೆ ಬಿಚ್ಚಿ ನೋಡುತ್ತಿದ್ದರು. ಪೊಲೀಸರೂ ಹಾಗೆಯೇ, ಮೊದಲು ಮನೆಯವರ ಬೆರಳಚ್ಚು ತೆಗೆದು ಬದಿಗಿಡುತ್ತಾರೆ. ಉಳಿದದ್ದು ಮಾತ್ರ ಹೊರಗಿನವರದ್ದು. ನೀವು ಬಿಟ್ಟದ್ದು ಈ ಒಂದು ಕೆಲಸ.

ಟೇಪು ಈಗ ನನ್ನ ಮೇಜಿನ ಮೇಲಿದೆ. ಪ್ರೂಫ್ ನೋಡುವ ಭೂತಗನ್ನಡಿ ಇಟ್ಟು ನೋಡಿದೆ. ಗೆರೆಗಳು ಸುತ್ತಿ ಎಡಕ್ಕೆ ವಾಲಿದ ಕುಣಿಕೆ, ನಡುವೆ ಓರೆಯಾಗಿ ಒಂದು ಹಳೆಯ ಗಾಯದ ಗೆರೆ, ಕತ್ತಿ ತಾಗಿದ ಹಾಗೆ. ಆಮೇಲೆ ನಿಮ್ಮ ಕಾಗದದ ಎರಡನೇ ಪುಟ ತಿರುವಿದೆ. ಪೆನ್ನಿನ ಶಾಯಿ ಸೋರಿ, ಅಂಚಿನಲ್ಲಿ ನಿಮ್ಮ ಹೆಬ್ಬೆಟ್ಟು ನೀಲಿಯಾಗಿ ಬಿದ್ದಿದೆ. ಅಲ್ಲೂ ಕುಣಿಕೆ ಎಡಕ್ಕೆ, ನಡುವೆ ಓರೆ ಗೆರೆ. ನಾನು ಪರಿಣತನಲ್ಲ. ಎರಡನ್ನೂ ಲಕೋಟೆಯಲ್ಲಿ ಹಾಕಿ ವಾಪಸ್ ಕಳಿಸುತ್ತಿದ್ದೇನೆ. ಬೆಳಕಿನಲ್ಲಿ ಕೂತು ಒಮ್ಮೆ ನಿಮ್ಮ ಬಲಗೈ ನೋಡಿಕೊಳ್ಳಿ. ಹಾಗೆಯೇ ಆ ಚಕ್ಕುಲಿ ಡಬ್ಬಿಯ ತಳದಲ್ಲಿ ಕಾಗದ ಹಾಸಿದ್ದರೆ ಅದರ ಅಡಿಯಲ್ಲೂ ನೋಡಿಸಿ ಅಂತ ಅಮ್ಮನವರಿಗೆ ಹೇಳಿ.