ತಾಯಿ ಇರುವಾಗ ಮಕ್ಕಳಿಗೆ ಆಶ್ರಮವೇಕೆ?

ಪ್ರಶ್ನೆ: ನಮ್ಮ ವಠಾರದಲ್ಲಿ ಬಾಡಿಗೆಗಿರುವ ಯಾದಗಿರಿ ಕಡೆಯ ಕುಟುಂಬವೊಂದರಲ್ಲಿ, ಗಾರೆ ಕೆಲಸ ಮಾಡುತ್ತಿದ್ದ ಯಜಮಾನರು ಈಚೆಗೆ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಂಡತಿ ಮನೆಗೆಲಸ ಮಾಡಿ ಎಂಟು ವರ್ಷದ ಮಗಳನ್ನೂ ನಾಲ್ಕು ವರ್ಷದ ಮಗನನ್ನೂ ಸಾಕುತ್ತಿದ್ದಾರೆ. ಅಕ್ಕಪಕ್ಕದವರು ಒಂದಿಷ್ಟು ಹಣ ಸೇರಿಸಿ ಕೊಟ್ಟಿದ್ದೇವೆ. ಮಕ್ಕಳನ್ನು ಆಶ್ರಮಕ್ಕೆ ಸೇರಿಸಿಬಿಡಿ ಎಂದು ಕೆಲವರು ಒತ್ತಾಯಿಸುತ್ತಿದ್ದರೂ ಆಕೆಗೆ ಮನಸ್ಸಿಲ್ಲ. ನಾವೇನು ಮಾಡಬಹುದು?
– ಓದುಗರೊಬ್ಬರು, ಲಗ್ಗೆರೆ

ಉತ್ತರ: ಆ ತಾಯಿಯ ಮನಸ್ಸು ಸರಿಯಾದ ದಾರಿಯಲ್ಲೇ ಇದೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಬೇರೆಲ್ಲ ದಾರಿಗಳೂ ಮುಚ್ಚಿದ ಮೇಲಿನ ಕಡೆಯ ಕ್ರಮವಾಗಿರಬೇಕು ಎಂಬುದು 2015ರ ಬಾಲನ್ಯಾಯ ಕಾಯ್ದೆಯ ಮೂಲ ತತ್ವಗಳಲ್ಲಿ ಒಂದು. ಈ ಮನೆಯಲ್ಲಿ ಕೊರತೆ ಇರುವುದು ಹಣಕ್ಕೆ, ಅಕ್ಕರೆಗಲ್ಲ. ಹಣದ ಕೊರತೆಗೆ ಸರ್ಕಾರದಲ್ಲೇ ದಾರಿಗಳಿವೆ.

ಅವುಗಳಲ್ಲಿ ನಮ್ಮ ಜನರಿಗೆ ಅತಿ ಕಡಿಮೆ ತಿಳಿದಿರುವುದು ‘ಮಿಷನ್ ವಾತ್ಸಲ್ಯ’ದ ಪ್ರಾಯೋಜಕತ್ವ ನೆರವು. ತಂದೆಯನ್ನು ಕಳೆದುಕೊಂಡು ತಾಯಿಯ ಆಸರೆಯಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ, ನಗರದಲ್ಲಿ ಕುಟುಂಬದ ವಾರ್ಷಿಕ ಆದಾಯ 96,000 ರೂಪಾಯಿ ಮೀರದಿದ್ದರೆ, ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ನೀಡಲು ಇದರಲ್ಲಿ ಅವಕಾಶವಿದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಡಿ ಬರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಸಲ್ಲಿಸಬೇಕು. ಮನೆಗೆ ಬಂದು ವಿಚಾರಿಸಿದ ಮೇಲೆ ಸಮಿತಿಯೊಂದು ತೀರ್ಮಾನಿಸುತ್ತದೆ. ಅರ್ಜಿ ಹಾಕಿದವರಿಗೆಲ್ಲ ಸಿಕ್ಕೇ ಸಿಗುತ್ತದೆಂದು ಹೇಳಲಾಗದು, ಆದರೆ ಕೇಳದೆ ಬಿಡುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ. ಘಟಕದ ದಾರಿ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಕೇಳಿ.

ಎಲ್ಲಕ್ಕೂ ಮೊದಲು ಬೇಕಾದದ್ದು ಮರಣ ಪ್ರಮಾಣ ಪತ್ರ. ಸಾವು ಆಸ್ಪತ್ರೆಯಲ್ಲಾಗಿದ್ದರೆ ನೋಂದಣಿಗೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದು. ಮನೆಯಲ್ಲಾಗಿದ್ದರೆ ಮನೆಯವರೇ 21 ದಿನಗಳೊಳಗೆ ತಿಳಿಸಬೇಕಿತ್ತು. ಅವಧಿ ದಾಟಿದ್ದರೂ ನೋಂದಣಿ ಸಾಧ್ಯ, ತಡ ಮಾಡಿದಷ್ಟೂ ಓಡಾಟ ಹೆಚ್ಚುತ್ತದೆ. ಪತ್ರ ಕೈಗೆ ಬಂದೊಡನೆ ಅದರಲ್ಲಿನ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ಅಕ್ಷರ ಅಕ್ಷರವಾಗಿ ನೋಡಿ. ಒಂದು ಕಡೆ ‘ಮಲ್ಲಪ್ಪ’, ಇನ್ನೊಂದು ಕಡೆ ‘ಮಲ್ಲಯ್ಯ’ ಎಂದಿದ್ದರೆ ಮುಂದಿನ ಪ್ರತಿಯೊಂದು ಅರ್ಜಿಯೂ ಅಲ್ಲೇ ನಿಲ್ಲುತ್ತದೆ.

ಅನಂತರ ನಾಡಕಚೇರಿ. ಅಲ್ಲಿ ಆಕೆ ವಿಧವಾ ವೇತನಕ್ಕೆ ಅರ್ಜಿ ಹಾಕಬೇಕು. ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ ದುಡಿಯುವ ಮುಖ್ಯ ವ್ಯಕ್ತಿ 18ರಿಂದ 59ರ ವಯಸ್ಸಿನೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದೇ ಕಂತಿನಲ್ಲಿ 20,000 ರೂಪಾಯಿ ಕೊಡುತ್ತಾರೆ. ಅದನ್ನೂ ಅಲ್ಲೇ ವಿಚಾರಿಸಲಿ. ಸ್ವೀಕೃತಿಯಲ್ಲಿರುವ ಸಕಾಲ ಸಂಖ್ಯೆಯನ್ನು ಕಾಪಾಡಿಕೊಳ್ಳಿ, ಅರ್ಜಿ ಎಲ್ಲಿಗೆ ಬಂತೆಂದು ಕೇಳಲು ಅದೇ ಆಧಾರ. ಪಡಿತರ ಚೀಟಿಯಲ್ಲಿ ಊರಿನಲ್ಲಿರುವ ಅತ್ತೆಯೇ ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಖಾತೆಗೇ ಹೋಗುತ್ತದೆ, ಆದರೆ ವಿಧವಾ ವೇತನ ಬರುವುದು ಈಕೆಯದೇ ಖಾತೆಗೆ. ಆ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಸಿ. ಎಂದೋ ತೆರೆದು ಮರೆತ ಹಳೆಯ ಖಾತೆಗೆ ಹಣ ಹೋಗಿ ಬೀಳುವುದುಂಟು. ಊರಿನ ಚೀಟಿಯಾದರೂ ಅಕ್ಕಿಯನ್ನು ಲಗ್ಗೆರೆಯ ನ್ಯಾಯಬೆಲೆ ಅಂಗಡಿಯಲ್ಲೇ ಪಡೆಯಬಹುದು.

ತೀರಿಕೊಂಡವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿದ್ದರೇ ಎಂಬುದನ್ನು ಇಂದೇ ಕೇಳಿ. ಮನೆಯ ಟ್ರಂಕಿನಲ್ಲಿ ಇಲ್ಲದಿದ್ದರೆ ಮೇಸ್ತ್ರಿಯನ್ನು ವಿಚಾರಿಸಿ. ಕಾರ್ಡ್ ಚಾಲ್ತಿಯಲ್ಲಿದ್ದರೆ ನಾಮಿನಿಗೆ ಮರಣ ಪರಿಹಾರ ದೊರೆಯುತ್ತದೆ. ಮಗನನ್ನು ಅಂಗನವಾಡಿಗೆ ಸೇರಿಸಿದರೆ ಅವನಿಗೆ ಊಟವೂ ಆಗುತ್ತದೆ.

ನೀವು ಕೊಟ್ಟ ಹಣ ಆ ಹೊತ್ತಿಗೆ ಬೇಕಾಗಿತ್ತು. ಈಗ ಬೇಕಿರುವುದು ಜೊತೆಗೆ ಬರುವ ಒಬ್ಬರು. ಮನೆಗೆಲಸದವರಿಗೆ ಕಚೇರಿ ಅಲೆದಾಟವೆಂದರೆ ಸಂಬಳ ಕಡಿತ, ಕೆಲವೊಮ್ಮೆ ಕೆಲಸವನ್ನೇ ಕಳೆದುಕೊಳ್ಳುವುದು. ವಠಾರದವರು ಸರದಿಯಂತೆ ಒಬ್ಬೊಬ್ಬರು ಅವರ ಜೊತೆ ಹೋಗಿ, ಆ ದಿನ ಇನ್ನೊಬ್ಬರು ಮಕ್ಕಳನ್ನು ನೋಡಿಕೊಳ್ಳಿ. ಆಕೆ ಕೆಲಸ ಮಾಡುವ ಮನೆಯವರಿಗೂ ನೀವೇ ವಿಷಯ ತಿಳಿಸಿ ಒಂದೆರಡು ದಿನದ ರಜೆ ಕೇಳಿ.

ಪ್ರಶ್ನೆ: ನನ್ನ ಪತ್ನಿಗೆ ಕ್ಯಾನ್ಸರ್ ಕಡೆಯ ಹಂತದಲ್ಲಿದೆ. ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ನನಗೆ 72 ವರ್ಷ. ರಾತ್ರಿಯ ನೋವನ್ನು ಹೇಗೆ ನಿಭಾಯಿಸಲಿ?
– ಓದುಗರೊಬ್ಬರು, ಹಲಸೂರು

ಉತ್ತರ: ಗುಣಪಡಿಸುವ ಚಿಕಿತ್ಸೆ ನಿಂತಿರಬಹುದು, ನೋವಿಗೆ ಚಿಕಿತ್ಸೆ ನಿಲ್ಲಬೇಕಾಗಿಲ್ಲ. ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಮಾರತಹಳ್ಳಿಯಲ್ಲಿ ನಡೆಸುತ್ತಿರುವ ಕರುಣಾಶ್ರಯ ಇಂಥ ರೋಗಿಗಳಿಗಾಗಿಯೇ ಇದೆ. ಅಲ್ಲಿ ಆರೈಕೆಗೆ ಶುಲ್ಕವಿಲ್ಲ. ದಾಖಲಾಗಲು ಮನಸ್ಸಿಲ್ಲದವರಿಗೆ ಅವರ ತಂಡ ನಗರದಲ್ಲಿ ಮನೆಗೇ ಬಂದು ನೋಡಿಕೊಳ್ಳುವ ವ್ಯವಸ್ಥೆಯೂ ಇದೆ. ಆಸ್ಪತ್ರೆಯ ಬಿಡುಗಡೆ ಪತ್ರ ಹಾಗೂ ಬಯಾಪ್ಸಿ ವರದಿಗಳನ್ನು ತೆಗೆದಿಟ್ಟುಕೊಂಡು ಇಂದೇ ಸಂಪರ್ಕಿಸಿ, ನೋವು ಹೆಚ್ಚುವವರೆಗೆ ಕಾಯಬೇಡಿ. ನಿಮಗೂ ವಯಸ್ಸಾಗಿದೆ, ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ನಿಮ್ಮ ಪರಿಸ್ಥಿತಿಯನ್ನು ಹೇಳಿಕೊಳ್ಳಲು ಸಂಕೋಚ ಬೇಡ.