ನೋವಿಲ್ಲ ಅಂತ ಶಾಟ್‌ಗನ್ ಎತ್ತಬೇಡಿ

ಬಲಭುಜದ ರೊಟೇಟರ್ ಕಫ್ (ಭುಜದ ಕೀಲನ್ನು ಹಿಡಿದಿಡುವ ಸ್ನಾಯು, ಸ್ನಾಯುರಜ್ಜುಗಳು) ಆಪರೇಷನ್ ಆಗಿ 4 ತಿಂಗಳಾಯ್ತು, ಈಗ ನೋವಿಲ್ಲ, ಮತ್ತೆ 12 ಬೋರ್ ಶಾಟ್‌ಗನ್ ಹಿಡಿಯಬಹುದಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ, ಅದರಿಂದಲೇ ಶುರು ಮಾಡಬೇಡಿ. ನೋವು ಹೋಗುವುದು ಬೇರೆ, ಹೊಲಿದ ಸ್ನಾಯುರಜ್ಜು ಮೂಳೆಗೆ ಗಟ್ಟಿಯಾಗಿ ಕೂಡಿಕೊಳ್ಳುವುದು ಬೇರೆ. ಎರಡನೆಯದಕ್ಕೆ ತಿಂಗಳುಗಳೇ ಬೇಕು, ನೋವು ಅದಕ್ಕಿಂತ ಮೊದಲೇ ಹೋಗಿಬಿಡುತ್ತದೆ.

ಸರ್ಜನ್ ಹತ್ತಿರ ಸುಮ್ನೆ 'ಶೂಟಿಂಗ್ ಮಾಡ್ಲಾ' ಅಂದರೆ ಸಾಲದು. ಯಾವ ಬಂದೂಕು, ದಿನಕ್ಕೆ ಎಷ್ಟು ಸುತ್ತು ಅಂತ ಬಿಡಿಸಿ ಹೇಳಿ. ಸಣ್ಣ ಗುಂಡಿನ .22 ರೈಫಲ್ ಹಾರಿಸಿದಾಗ ಹಿಂದಕ್ಕೆ ಒದೆಯುವುದಕ್ಕೂ 12 ಬೋರ್ ಒದೆಯುವುದಕ್ಕೂ ಅಜಗಜಾಂತರ. ಎಲ್ಲರೂ ಒದೆತದ ಬಗ್ಗೆಯೇ ಯೋಚಿಸುತ್ತಾರೆ, ತೂಕ ಮರೆಯುತ್ತಾರೆ. ಮೂರು ಕಿಲೋಗೂ ಜಾಸ್ತಿ ಇರುವ ಬಂದೂಕನ್ನು ಪದೇ ಪದೇ ಮುಖದ ಮಟ್ಟಕ್ಕೆ ಎತ್ತುವುದೂ ಭುಜಕ್ಕೆ ಕೆಲಸವೇ ಅಲ್ವಾ?

ಒಪ್ಪಿಗೆ ಸಿಕ್ಕ ಮೇಲೆ ಪಿಸಿಪಿ ಏರ್ ರೈಫಲ್ (ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಹಾರಿಸುವುದು) ಹಿಡಿಯಿರಿ, ಮೇಜಿನ ಆಸರೆಯಲ್ಲಿ. ಅದು ಒದೆಯುವುದಿಲ್ಲ ಅಂದರೂ ನಡೆಯುತ್ತದೆ. ಸ್ಪ್ರಿಂಗ್‌ನ ಏರ್ ರೈಫಲ್ ಬೇಡ, ಕುಲುಕುತ್ತದೆ. ಆಮೇಲೆ .22. ಶಾಟ್‌ಗನ್ ಕೊನೆಗೆ, ಅದೂ 24 ಗ್ರಾಂ ಚರೆಯ ಹಗುರ ಕಾರ್ಟ್ರಿಜ್, ಬಂದೂಕಿನ ಹಿಂತುದಿಗೆ ಒದೆತ ತಗ್ಗಿಸುವ ದಪ್ಪ ರಿಕಾಯಿಲ್ ಪ್ಯಾಡ್. ಗ್ಯಾಸ್‌ನಿಂದ ನಡೆಯುವ ಸೆಮಿ-ಆಟೋ (ಮುಂದಿನ ಕಾರ್ಟ್ರಿಜ್ ತಾನೇ ತುಂಬಿಕೊಳ್ಳುವ) ಶಾಟ್‌ಗನ್ ಸಿಕ್ಕರೆ ಇನ್ನೂ ಮೆತ್ತಗಿರುತ್ತದೆ. ಹಗುರ ಬಂದೂಕು ಒಳ್ಳೆಯದು ಅಂತ ಯಾರಾದರೂ ಅಂದರೆ ನಂಬಬೇಡಿ, ಅದೇ ಕಾರ್ಟ್ರಿಜ್‌ಗೆ ಹಗುರದ್ದೇ ಜೋರಾಗಿ ಒದೆಯುವುದು. ಇನ್ನೊಂದು ಮಾತು, ಮೇಜಿಗೆ ಒರಗಿ ಕೂತು ಶಾಟ್‌ಗನ್ ಹಾರಿಸಬೇಡಿ. ಮೈ ಹಿಂದಕ್ಕೆ ಸರಿಯಲು ಜಾಗವಿರುವುದಿಲ್ಲ, ಪೆಟ್ಟೆಲ್ಲ ಭುಜಕ್ಕೇ.

ರಾತ್ರಿ ಭುಜ ನೋಯತೊಡಗಿದರೆ, ಕೈ ಎತ್ತಲು ಶಕ್ತಿ ಕಡಿಮೆಯಾದರೆ ಅಲ್ಲಿಗೇ ನಿಲ್ಲಿಸಿ, ಸರ್ಜನ್‌ಗೆ ತೋರಿಸಿ.